ಆಲ್ಗರಿದಮ್‌ಗೆ ಹೆದರಿ ನಾವು ನುಂಗಿಕೊಳ್ಳುತ್ತಿರುವ ಪದಗಳು

ಅಮೆರಿಕದ ಸಿಯಾಟಲ್ ನಗರದಲ್ಲಿ ಮ್ಯೂಸಿಯಂ ಆಫ್ ಪಾಪ್ ಕಲ್ಚರ್ ಇದೆ. 2024ರಲ್ಲಿ ಅಲ್ಲಿನ ಒಂದು ಫಲಕ ಸುದ್ದಿಯಾಯಿತು. ಗಾಯಕ ಕರ್ಟ್ ಕೊಬೇನ್ 27ನೇ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು ಎಂದು ಇರಬೇಕಾದ ಕಡೆ, ತಮ್ಮನ್ನು ತಾವು ‘ಅನ್‌ಅಲೈವ್’ (ಜೀವವಿಲ್ಲದಂತೆ) ಮಾಡಿಕೊಂಡರು ಎಂದು ಬರೆದಿದ್ದರು. ನೋಡಿದವರು ಸಿಟ್ಟಾದರು. ಮ್ಯೂಸಿಯಂನವರು ಆ ಸಾಲನ್ನು ಬದಲಾಯಿಸಬೇಕಾಯಿತು.

ಆ ಪದ ಹಬ್ಬಿದ್ದು ಟಿಕ್‌ಟಾಕ್‌ನಿಂದ. ಸಾವು, ಕೊಲೆ, ಆತ್ಮಹತ್ಯೆ ಎಂದು ನೇರವಾಗಿ ಹೇಳಿದರೆ ವಿಡಿಯೋ ಯಾರಿಗೂ ತಲುಪುವುದಿಲ್ಲ ಎಂಬ ನಂಬಿಕೆ ಅದರ ಹಿಂದೆ ಇತ್ತು. ಏನನ್ನು ಯಾರಿಗೆ ತೋರಿಸಬೇಕು ಎಂದು ನಿರ್ಧರಿಸುವ ಯಂತ್ರದ ಲೆಕ್ಕಾಚಾರಕ್ಕೆ ಆಲ್ಗರಿದಮ್ ಎನ್ನುತ್ತಾರೆ. ಮ್ಯೂಸಿಯಂನ ಗೋಡೆಯಲ್ಲಿ ಅಂಥದ್ದೇನೂ ಇಲ್ಲ. ಅಲ್ಲಿ ಬರೆದದ್ದನ್ನು ಯಾರೂ ಕೆಳಗೆ ತಳ್ಳುವುದಿಲ್ಲ, ಜಾಹೀರಾತು ಕಿತ್ತುಕೊಳ್ಳುವುದಿಲ್ಲ. ಆದರೂ ಪದ ಅಲ್ಲಿಗೂ ಬಂತು. ಹೆದರಿಕೆ ಒಮ್ಮೆ ಅಭ್ಯಾಸವಾದರೆ ಅದಕ್ಕೆ ಕಾರಣವೇ ಬೇಕಾಗುವುದಿಲ್ಲ.

ಈ ಬಗೆಯ ಮಾತಿಗೆ ‘ಆಲ್ಗೋಸ್ಪೀಕ್’ ಎಂಬ ಹೆಸರು ಬಿದ್ದಿದೆ. 2022ರಲ್ಲಿ ವಾಷಿಂಗ್ಟನ್ ಪೋಸ್ಟ್ ಇದರ ಬಗ್ಗೆ ಬರೆದ ಮೇಲೆ ಹೆಸರು ಹೆಚ್ಚು ಬಳಕೆಗೆ ಬಂತು. ಸೆಕ್ಸ್ ಬದಲು ‘ಸೆಗ್ಸ್’. ಮಹಾಸಾಂಕ್ರಾಮಿಕ ಎಂಬರ್ಥದ ಪ್ಯಾಂಡೆಮಿಕ್ ಬದಲು ಒಂದು ಬಗೆಯ ಸ್ಯಾಂಡ್‌ವಿಚ್‌ನ ಹೆಸರು ‘ಪನೀನಿ’. ಅತ್ಯಾಚಾರ ಎಂಬರ್ಥದ ‘ರೇಪ್’ ಬದಲು ‘ಗ್ರೇಪ್’, ಅಥವಾ ಸುಮ್ನೆ ಒಂದು ದ್ರಾಕ್ಷಿಯ ಚಿತ್ರ. ಲೆಸ್ಬಿಯನ್ ಪದದ ನಡುವೆ ಡಾಲರ್ ಗುರುತು ಇಟ್ಟು ಬರೆದಾಗ ಟಿಕ್‌ಟಾಕ್‌ನ ಓದುವ ಯಂತ್ರ ಅದನ್ನು ‘ಲೆ ಡಾಲರ್ ಬೀನ್’ ಎಂದು ಓದಿತು. ಆಮೇಲೆ ಜನರೂ ಹಾಗೇ ಹೇಳತೊಡಗಿದರು. ಕನ್ನಡದ ಪೋಸ್ಟ್‌ಗಳಲ್ಲೂ ‘ಕೊ*ಲೆ’, ‘ಆತ್ಮಹ*ತ್ಯೆ’ ಎಂದು ನಕ್ಷತ್ರ ಇಟ್ಟು ಬರೆಯುವುದು ಕಾಣುತ್ತದೆ.

ಸಾವನ್ನು ಮೆತ್ತಗೆ ಹೇಳುವುದು ಹೊಸದಲ್ಲ, ನಿಜ. ತೀರಿಕೊಂಡರು, ಕಾಲವಾದರು ಎನ್ನುತ್ತೇವೆ. ಆದರೆ ಅದು ಎದುರಿಗಿರುವ ಮನುಷ್ಯನಿಗಾಗಿ, ಅವರಿಗೆ ನೋವಾಗಬಾರದು ಎಂದು ಮಾಡುವ ಕೆಲಸ. ‘ಅನ್‌ಅಲೈವ್’ ಯಾರ ನೋವನ್ನೂ ಗಮನದಲ್ಲಿಟ್ಟುಕೊಂಡು ಹುಟ್ಟಿದ್ದಲ್ಲ. ಅದು ಯಂತ್ರದ ಕಣ್ಣು ತಪ್ಪಿಸಲು ಹುಟ್ಟಿದ್ದು.

ಜನ ಮಾತು ತಡೆಹಿಡಿಯುವುದೂ ಹೊಸದಲ್ಲ. 2013ರಲ್ಲಿ ಪ್ರಕಟವಾದ ಫೇಸ್‌ಬುಕ್‌ನ ಒಂದು ಅಧ್ಯಯನ 39 ಲಕ್ಷ ಬಳಕೆದಾರರನ್ನು 17 ದಿನ ಗಮನಿಸಿತ್ತು. ಅವರಲ್ಲಿ ಶೇ 71ರಷ್ಟು ಜನ ಒಮ್ಮೆಯಾದರೂ ಏನನ್ನೋ ಟೈಪ್ ಮಾಡಿ, ಕಳಿಸದೆ ಬಿಟ್ಟಿದ್ದರು. ಓದುವವರು ಯಾರು, ಏನಂದುಕೊಳ್ಳುತ್ತಾರೆ ಎಂಬ ಅಳುಕು ಸಹಜ. ಓದುವವರನ್ನು ಬಿಟ್ಟು, ಓದುವ ಮೊದಲೇ ವಿಂಗಡಿಸುವ ಯಂತ್ರಕ್ಕೆ ಅಳುಕುವುದು ಅದಕ್ಕಿಂತ ಬೇರೆ. ಓದುಗರು ತಪ್ಪು ತಿಳಿದರೆ ವಿವರಿಸಬಹುದು. ಯಂತ್ರಕ್ಕೆ ಏನೆಂದು ವಿವರಿಸುವುದು?

ಇದು ಹಣದಿಂದ ಶುರುವಾದದ್ದು

2017ರ ಮಾರ್ಚ್‌ನಲ್ಲಿ ಯೂಟ್ಯೂಬ್‌ಗೆ ದೊಡ್ಡ ಪೆಟ್ಟು ಬಿತ್ತು. ಉಗ್ರವಾದಿಗಳ ವಿಡಿಯೋಗಳ ಜೊತೆ ಹೆಸರಾಂತ ಕಂಪನಿಗಳ ಜಾಹೀರಾತು ಬರುತ್ತಿವೆ ಎಂದು ಲಂಡನ್‌ನ ದಿ ಟೈಮ್ಸ್ ಪತ್ರಿಕೆ ತೋರಿಸಿಕೊಟ್ಟಿತ್ತು. ಬ್ರಿಟನ್ ಸರ್ಕಾರ, ಎಟಿ ಆಂಡ್ ಟಿ, ಜಾನ್ಸನ್ ಆಂಡ್ ಜಾನ್ಸನ್ ಮುಂತಾದವರು ಜಾಹೀರಾತು ನಿಲ್ಲಿಸಿದರು. ಯೂಟ್ಯೂಬ್ ಬೆದರಿತು. ಯಾವ ವಿಡಿಯೋಗೆ ಜಾಹೀರಾತು ಕೊಡಬಹುದು, ಯಾವುದಕ್ಕೆ ಬೇಡ ಎಂದು ಯಂತ್ರದಿಂದಲೇ ಸೋಸುವ ಕೆಲಸ ಬಿಗಿಯಾಯಿತು. ತಮ್ಮ ವಿಡಿಯೋ ಪಕ್ಕದ ಹಸಿರು ಡಾಲರ್ ಗುರುತು ಹಳದಿಯಾದರೆ ಆದಾಯ ಕುಸಿಯುತ್ತದೆ ಎಂದು ವಿಡಿಯೋ ಮಾಡುವವರು ಕಲಿತರು. ಹಳದಿ ಏಕಾಯಿತು ಎಂಬುದನ್ನು ಮಾತ್ರ ಊಹಿಸಬೇಕಿತ್ತು.

ಊಹಿಸಿದರು. ಶೀರ್ಷಿಕೆಯಿಂದ ಒಂದು ಪದ ತೆಗೆದು ನೋಡಿದರು, ಒಂದು ಶಬ್ದಕ್ಕೆ ‘ಬೀಪ್’ ಹಾಕಿ ನೋಡಿದರು. ಹಸಿರು ಬಂದರೆ ಆ ಪದವೇ ಅಪರಾಧಿ ಎಂದು ತೀರ್ಮಾನಿಸಿದರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ನಿಯಮವಾಯಿತು.

2020ರ ಆರಂಭದಲ್ಲಿ ಈ ಊಹೆಗೆ ಬಲ ಬಂತು. ಕೊರೊನಾ ಬಗ್ಗೆ ಮಾತಾಡುವ ವಿಡಿಯೋಗಳನ್ನು ಯೂಟ್ಯೂಬ್ ‘ಸೂಕ್ಷ್ಮ ಘಟನೆ’ಯ ಪಟ್ಟಿಗೆ ಸೇರಿಸಿ ಜಾಹೀರಾತು ತಡೆಯಿತು. ಮಾರ್ಚ್‌ನಲ್ಲಿ ನಿಧಾನವಾಗಿ ಸಡಿಲಿಸಿತು. ಜಾಹೀರಾತು ಕೊಡುವ ಕಂಪನಿಗಳೂ ‘ಕೊರೊನಾವೈರಸ್’ ಪದವನ್ನು ತಮ್ಮ ತಡೆಪಟ್ಟಿಗೆ ಹಾಕಿಕೊಂಡವು. ಜನರಿಗೆ ಅತ್ಯಂತ ಬೇಕಾಗಿದ್ದ ಸುದ್ದಿಯನ್ನು ಬರೆದ ಪತ್ರಿಕೆಗಳು ಅದನ್ನು ಬರೆದದ್ದಕ್ಕೇ ಜಾಹೀರಾತು ಕಳೆದುಕೊಂಡವು. ‘ಪನೀನಿ’ಯಂಥ ಪದಗಳು ಹುಟ್ಟಿದ್ದು ಇಂಥ ದಿನಗಳಲ್ಲಿ. ಅವನ್ನು ಕೇಳಿ ನಗಬಹುದು, ಆದರೆ ಹುಟ್ಟಿಸಿದವರ ಹೆದರಿಕೆಗೆ ಕಾರಣ ಇತ್ತು.

ಯಂತ್ರ ನಿಜಕ್ಕೂ ಏನು ನೋಡುತ್ತದೆ?

ಪದಪಟ್ಟಿ ಇಟ್ಟುಕೊಂಡು ಸೋಸುವುದು ಹಳೆಯ ವಿಧಾನ. ಅದರ ದಡ್ಡತನವೂ ಹಳೆಯದೇ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಪಟ್ಟಣದವರಿಗೆ ಎಒಎಲ್ ಎಂಬ ಇಂಟರ್‌ನೆಟ್ ಸೇವೆಯಲ್ಲಿ ಖಾತೆ ತೆರೆಯಲು ಆಗಲಿಲ್ಲ. ಊರಿನ ಹೆಸರಿನ ಕಾಗುಣಿತದ ಒಳಗೆ ಒಂದು ಬೈಗುಳ ಅಡಗಿತ್ತು, ಅಷ್ಟೇ ಕಾರಣ.

ಈಗಿನ ವ್ಯವಸ್ಥೆಗಳು ಇದಕ್ಕಿಂತ ತುಂಬ ಮುಂದೆ ಹೋಗಿವೆ. ಮಾತನ್ನು ಅಕ್ಷರಕ್ಕೆ ಇಳಿಸುತ್ತವೆ, ಚಿತ್ರದ ಮೇಲಿನ ಬರಹ ಓದುತ್ತವೆ, ಪದದ ಹಿಂದೆಮುಂದೆ ಏನಿದೆ ಎಂದು ಗಮನಿಸುತ್ತವೆ, ಖಾತೆಯ ಹಳೆಯ ನಡವಳಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಲಕ್ಷಾಂತರ ಜನ ‘ಅನ್‌ಅಲೈವ್’ ಎಂದು ಬರೆದರೆ ಅದರ ಅರ್ಥ ಯಂತ್ರಕ್ಕೆ ಗೊತ್ತಾಗದೆ ಇರುತ್ತದೆಯೇ? ಸಾವಿರಾರು ಉದಾಹರಣೆ ಕೊಟ್ಟು ನಾವೇ ಕಲಿಸಿದ್ದೇವೆ. ನಡುವೆ ಒಂದು ನಕ್ಷತ್ರ ಇಟ್ಟರೆ ಮನುಷ್ಯ ಓದುಗರಿಗೆ ತೊಡಕಾಗುತ್ತದೆ, ಯಂತ್ರಕ್ಕೆ ಅಂಥ ತೊಡಕೇನೂ ಆಗಲಿಕ್ಕಿಲ್ಲ.

ಇನ್ನೊಂದು ಗೊಂದಲ ಇದೆ. ಪೋಸ್ಟ್ ಅಳಿಸುವುದು ಬೇರೆ. ಅಳಿಸದೆ, ಹೊಸಬರಿಗೆ ತೋರಿಸದೆ ಇರುವುದು ಬೇರೆ. ತೋರಿಸಿ, ಜಾಹೀರಾತು ಮಾತ್ರ ಕೊಡದೆ ಇರುವುದು ಮತ್ತೂ ಬೇರೆ. ಈ ಮೂರಕ್ಕೂ ನಿಯಮಗಳು ಬೇರೆಬೇರೆ, ಒಂದೊಂದು ಕಂಪನಿಯದೂ ಒಂದೊಂದು ಥರ. ಬಳಕೆದಾರರ ಬಾಯಲ್ಲಿ ಮಾತ್ರ ಎಲ್ಲವೂ ಸೇರಿ ‘ಶ್ಯಾಡೋ ಬ್ಯಾನ್’. ಟಿಕ್‌ಟಾಕ್‌ನಲ್ಲಿ ಕೇಳಿದ ಸಲಹೆಯನ್ನು ಫೇಸ್‌ಬುಕ್‌ನಲ್ಲಿ ಪಾಲಿಸುತ್ತಾರೆ. ಹಣವೇ ಬಾರದ ಖಾತೆಯವರೂ ಜಾಹೀರಾತಿನ ನಿಯಮಕ್ಕೆ ಹೆದರಿ ಪದ ನುಂಗುತ್ತಾರೆ.

ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1948ರಲ್ಲಿ ಪಾರಿವಾಳಗಳ ಮೇಲೆ ಮಾಡಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಹಕ್ಕಿ ಏನೇ ಮಾಡಲಿ ಬಿಡಲಿ, ನಿಗದಿತ ಸಮಯಕ್ಕೊಮ್ಮೆ ಕಾಳು ಬೀಳುತ್ತಿತ್ತು. ಕಾಳು ಬೀಳುವ ಹೊತ್ತಿಗೆ ಒಂದು ಹಕ್ಕಿ ಸುತ್ತು ತಿರುಗುತ್ತಿದ್ದರೆ, ಆಮೇಲೆ ಅದು ಸುತ್ತುತ್ತಲೇ ಇತ್ತು. ಇನ್ನೊಂದು ತಲೆ ಆಡಿಸುತ್ತಲೇ ಇತ್ತು. ತಾನು ಮಾಡಿದ್ದಕ್ಕೇ ಕಾಳು ಬಂತು ಎಂಬಂತೆ ನಡೆದುಕೊಳ್ಳುತ್ತಿದ್ದವು. ಒಂದು ಪೋಸ್ಟ್ ಓಡದೆ ಇರಲು ನೂರು ಕಾರಣ ಇರಬಹುದು. ಹೊತ್ತು ಸರಿ ಇರಲಿಲ್ಲ, ಮೊದಲ ಸಾಲು ಹಿಡಿಯಲಿಲ್ಲ, ದುಃಖದ ವಿಷಯ ಬೇಡ ಎಂದು ಜನ ಬೆರಳಿನಿಂದ ಸರಿಸಿ ಮುಂದೆ ಹೋದರು. ಬರೆದವರ ಕಣ್ಣಿಗೆ ಕಾಣುವುದು ಮಾತ್ರ ಆ ಒಂದು ಪದ.

ಹಾಗಂತ ಎಲ್ಲವೂ ಮೂಢನಂಬಿಕೆ ಎಂದು ತಳ್ಳಿಹಾಕಲು ನಾನು ತಯಾರಿಲ್ಲ. ಕಂಪನಿಗಳು ಹೇಳುವುದು ಹೆಚ್ಚುಕಡಿಮೆ ಇದನ್ನೇ. ಆದರೆ ಹೆದರಿಕೆಗೆ ಕಾರಣ ಕೊಟ್ಟವರೂ ಅವರೇ. ವಿಕಲಚೇತನರ ವಿಡಿಯೋಗಳ ತಲುಪುವಿಕೆಗೆ ಟಿಕ್‌ಟಾಕ್ ಮಿತಿ ಹಾಕಿತ್ತು ಎಂದು 2019ರ ಡಿಸೆಂಬರ್‌ನಲ್ಲಿ ಜರ್ಮನಿಯ ಸುದ್ದಿತಾಣ ನೆಟ್ಸ್‌ಪೊಲಿಟಿಕ್ ಬಯಲು ಮಾಡಿತು. ಗೇಲಿಗೆ ಗುರಿಯಾಗದಿರಲಿ ಎಂದು ಮಾಡಿದ ತಾತ್ಕಾಲಿಕ ಕ್ರಮ ಅದಾಗಿತ್ತು ಎಂದು ಕಂಪನಿ ಒಪ್ಪಿಕೊಂಡಿತು. ಗೇಲಿ ಮಾಡುವವರನ್ನು ತಡೆಯುವ ಬದಲು ಗೇಲಿಗೆ ಒಳಗಾಗುವವರನ್ನೇ ಮರೆಮಾಡಿದ್ದರು! 2021ರ ಜುಲೈನಲ್ಲಿ ಅದೇ ಟಿಕ್‌ಟಾಕ್‌ನ ಜಾಹೀರಾತು ಒಪ್ಪಂದದ ವಿಭಾಗದಲ್ಲಿ ಕಪ್ಪು ಜನಾಂಗದವರು ತಮ್ಮ ಪರಿಚಯದಲ್ಲಿ ‘ಬ್ಲ್ಯಾಕ್’ ಎಂದು ಬರೆದುಕೊಂಡರೆ ಅದು ಸ್ವೀಕಾರವಾಗುತ್ತಿರಲಿಲ್ಲ. ದ್ವೇಷದ ಮಾತು ಹಿಡಿಯುವ ಯಂತ್ರ ‘ಬ್ಲ್ಯಾಕ್’ ಪದವನ್ನೂ, ‘ಆಡಿಯನ್ಸ್’ ಪದದ ಇಂಗ್ಲಿಷ್ ಕಾಗುಣಿತದೊಳಗಿನ, ‘ಸಾಯಿ’ ಎಂಬರ್ಥದ ‘ಡೈ’ ಎಂಬ ಮೂರು ಅಕ್ಷರಗಳನ್ನೂ ಸೇರಿಸಿ ಓದಿತ್ತು ಎಂಬುದು ಕಂಪನಿಯ ವಿವರಣೆ. ಸ್ಕನ್‌ಥಾರ್ಪ್ ಆಗಿ 25 ವರ್ಷಗಳ ನಂತರ ಅದೇ ತಪ್ಪು.

ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆತನದ ಮೆಟಾ ಕಂಪನಿ 2025ರ ಜನವರಿಯಲ್ಲಿ ಒಂದು ಮಾತು ಒಪ್ಪಿಕೊಂಡಿತು. 2024ರ ಡಿಸೆಂಬರ್‌ನಲ್ಲಿ ಅದು ದಿನಕ್ಕೆ ಹತ್ತಾರು ಲಕ್ಷ ಪೋಸ್ಟ್‌ಗಳನ್ನು ತೆಗೆದುಹಾಕುತ್ತಿತ್ತು. ಅಂಥ 10 ಕ್ರಮಗಳಲ್ಲಿ ಒಂದೋ ಎರಡೋ ತಪ್ಪಾಗಿರಬಹುದು ಎಂದು ಕಂಪನಿಯೇ ಅಂದಾಜು ಮಾಡಿತು. ಅಂದರೆ ದಿನಕ್ಕೆ ಲಕ್ಷಗಟ್ಟಲೆ ತಪ್ಪು. ಒಂದು ತಪ್ಪಿಗೆ ಸಿಕ್ಕವರು ಅದನ್ನು ಹತ್ತು ಜನಕ್ಕೆ ಹೇಳುತ್ತಾರೆ. ಆ ಹತ್ತು ಜನ ಮುಂದಿನ ಪೋಸ್ಟ್‌ನಲ್ಲಿ ಪದ ನುಂಗುತ್ತಾರೆ.

ಸೆನ್ಸಾರ್ ಮಾಡುವುದು ಗೊತ್ತಿಲ್ಲದಿರುವಿಕೆ

ಚೀನಾದ ಜನ ಈ ವಿದ್ಯೆಯಲ್ಲಿ ಮೊದಲಿನಿಂದಲೂ ಪಳಗಿದವರು. 1989ರ ಜೂನ್ 4ರ ತಿಯಾನನ್ಮೆನ್ ಹತ್ಯಾಕಾಂಡದ ಬಗ್ಗೆ ಬರೆಯುವಂತಿಲ್ಲ. ಅದಕ್ಕೆ ‘ಮೇ 35’ ಎಂದು ಬರೆದರು, ಅಂದರೆ ಮೇ 31 ಕಳೆದು ನಾಲ್ಕನೇ ದಿನ. ಅಲ್ಲಿ ತಡೆಯುವವರು ಯಾರು, ಯಾಕೆ ತಡೆಯುತ್ತಾರೆ ಎಂಬುದು ಬರೆಯುವವರಿಗೆ ಗೊತ್ತು. ‘ಮೇ 35’ ಪ್ರತಿಭಟನೆಯ ಮಾತು, ನೆನಪು ಉಳಿಸಿಕೊಳ್ಳಲು ಕಂಡುಕೊಂಡ ದಾರಿ.

‘ಅನ್‌ಅಲೈವ್’ ಹಾಗಲ್ಲ. ಇಲ್ಲಿ ಎದುರಾಳಿಯೇ ಇಲ್ಲ, ಇರಬಹುದು ಎಂಬ ಅನುಮಾನ ಇದೆ. ನನ್ನ ಪ್ರಕಾರ ನಿಜವಾದ ಸೆನ್ಸಾರ್ ಆಲ್ಗರಿದಮ್ ಅಲ್ಲ, ಅದರ ಬಗ್ಗೆ ನಮಗೆ ಏನೂ ತಿಳಿಸದೆ ಇಟ್ಟಿರುವ ರೀತಿ. ನಿಯಮ ಸ್ಪಷ್ಟವಾಗಿದ್ದರೆ ಜನ ಅದರ ಅಂಚಿನ ತನಕ ಹೋಗಿ ಮಾತಾಡುತ್ತಾರೆ. ಅಂಚು ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ತುಂಬ ಹಿಂದೆಯೇ ನಿಲ್ಲುತ್ತಾರೆ. ಕಂಪನಿ ನಿಷೇಧಿಸದ ಮಾತನ್ನೂ ನಾವೇ ನಿಷೇಧಿಸಿಕೊಳ್ಳುತ್ತೇವೆ, ಅದೂ ಪುಕ್ಕಟೆಯಾಗಿ.

ಇದಕ್ಕೆ ಒಂದು ಸಾಕ್ಷಿ ಎಂದರೆ, ನಿಯಮ ಸಡಿಲವಾದರೂ ಹೆದರಿಕೆ ಸಡಿಲವಾಗುವುದಿಲ್ಲ. ಯೂಟ್ಯೂಬ್ 2022ರ ನವೆಂಬರ್‌ನಲ್ಲಿ ಬೈಗುಳದ ನಿಯಮ ಬಿಗಿ ಮಾಡಿತು. ಹಳೆಯ ವಿಡಿಯೋಗಳಿಗೂ ಪೆಟ್ಟು ಬಿತ್ತು. ಗಲಾಟೆ ಆದ ಮೇಲೆ 2023ರ ಮಾರ್ಚ್‌ನಲ್ಲಿ ಸ್ವಲ್ಪ ಇಳಿಸಿತು. 2025ರ ಜುಲೈನಿಂದ ಮೊದಲ 7 ಸೆಕೆಂಡಿನಲ್ಲಿ ಬೈಗುಳ ಬಂದರೂ ಪೂರ್ತಿ ಜಾಹೀರಾತು ಆದಾಯ ಸಿಗಬಹುದು ಎಂದಿತು. ಮೂರು ವರ್ಷದಲ್ಲಿ ಮೂರು ನಿಯಮ. ಇದನ್ನು ಕೂತು ಓದಿದವರು ಎಷ್ಟು ಜನ ಇದ್ದಾರು? ‘ಬೀಪ್’ ಹಾಕುವುದು ಸುಲಭ. ಹಾಕುತ್ತಲೇ ಇದ್ದಾರೆ.

ಬೆಲೆ ತೆರುವವರು ಯಾರು

ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳು ತನಗಾದದ್ದನ್ನು ಹೇಳಿಕೊಳ್ಳಲು ಕೂತಿದ್ದಾಳೆ ಎಂದುಕೊಳ್ಳಿ. ಆ ಪದ ಬಾಯಿಗೆ ಬರುವುದಕ್ಕೇ ವರ್ಷಗಳು ಹಿಡಿಯುತ್ತವೆ. ಅಂಥವಳು ಈಗ ತನ್ನ ಮೇಲಾದ ಹಿಂಸೆಯ ಜಾಗದಲ್ಲಿ ದ್ರಾಕ್ಷಿಯ ಚಿತ್ರ ಇಡಬೇಕು. ನನಗೆ ಇಡೀ ವಿಷಯದಲ್ಲಿ ಸಹಿಸಲಾಗದ್ದು ಇದು. ನಡೆದದ್ದನ್ನು ಅದರ ಹೆಸರಿನಿಂದ ಕರೆಯುವುದೇ ಅವಳಿಗೆ ಸಿಗುವ ಮೊದಲ ನ್ಯಾಯ. ಅದನ್ನೂ ಮುದ್ದಾದ ಹಣ್ಣಾಗಿಸಿ, ಕಾಮೆಂಟ್‌ನಲ್ಲಿ ತಮಾಷೆಗೆ ದಾರಿ ಮಾಡಿಕೊಟ್ಟಿದ್ದೇವೆ.

ಆತ್ಮಹತ್ಯೆಯ ಯೋಚನೆಯಲ್ಲಿರುವವರ ಕಷ್ಟ ಬೇರೆ ಥರದ್ದು. ಆ ಪದವನ್ನು ಹುಡುಕಿದರೆ ಟಿಕ್‌ಟಾಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಸಹಾಯವಾಣಿಯ ವಿವರ ತೋರಿಸುವ ವ್ಯವಸ್ಥೆ ಮಾಡಿಕೊಂಡಿವೆ. ಪದವನ್ನು ಒಡೆದು ತಿರುಚಿದಷ್ಟೂ ಆ ನೆರವು ತಪ್ಪಿಹೋಗುವ ಸಾಧ್ಯತೆ ಜಾಸ್ತಿ. ತಮ್ಮವರನ್ನು ಹಾಗೆ ಕಳೆದುಕೊಂಡ ಎಷ್ಟೋ ಜನ ಆ ವಿಷಯವೇ ಕಣ್ಣಿಗೆ ಬೀಳದಿರಲಿ ಎಂದು ಆ ಪದವನ್ನು ‘ಮ್ಯೂಟ್’ ಮಾಡಿಕೊಂಡಿರುತ್ತಾರೆ. ನಕ್ಷತ್ರ ಇಟ್ಟ ಪದ ಆ ತಡೆಯನ್ನು ಸಲೀಸಾಗಿ ದಾಟಿ ಅವರ ಮುಂದೆ ಬಂದು ನಿಲ್ಲುತ್ತದೆ. ಇನ್ನು, ಕಣ್ಣು ಕಾಣದವರು ಪೋಸ್ಟ್ ಓದುವುದು ಸ್ಕ್ರೀನ್ ರೀಡರ್ ಮೂಲಕ. ಅದು ಒಡೆದ ಪದವನ್ನು ತುಂಡುತುಂಡಾಗಿ, ನಡುವೆ ‘ಸ್ಟಾರ್’ ಎಂದು ಸೇರಿಸಿ ಓದಬಹುದು. ಕನ್ನಡದ ಒತ್ತಕ್ಷರದ ನಡುವೆ ಚಿಹ್ನೆ ತುರುಕಿದರೆ ಕಿವಿಗೆ ಏನು ಬೀಳುತ್ತದೋ ಊಹಿಸಿಕೊಳ್ಳಿ.

ಆರೋಗ್ಯದ ಮಾತೂ ಇದಕ್ಕೆ ಸಿಕ್ಕಿಹಾಕಿಕೊಂಡಿದೆ. 2020ರ ಅಕ್ಟೋಬರ್‌ನಲ್ಲಿ ಬ್ರೆಜಿಲ್‌ನ ಬಳಕೆದಾರರೊಬ್ಬರು ಸ್ತನ ಕ್ಯಾನ್ಸರ್‌ನ ಲಕ್ಷಣ ತೋರಿಸುವ ಚಿತ್ರಗಳನ್ನು ಇನ್‌ಸ್ಟಾಗ್ರಾಂಗೆ ಹಾಕಿದರು. ಚಿತ್ರದ ಮೇಲೆಯೇ ಪೋರ್ಚುಗೀಸ್‌ನಲ್ಲಿ ‘ಸ್ತನ ಕ್ಯಾನ್ಸರ್’ ಎಂದು ಬರೆದಿತ್ತು. ಯಂತ್ರ ಅದನ್ನು ನಗ್ನತೆ ಎಂದು ಅಳಿಸಿತು. ಕಂಪನಿಯ ಇಂಥ ತೀರ್ಮಾನಗಳನ್ನು ಮರುಪರಿಶೀಲಿಸುವ ಮೆಟಾದ ಮೇಲ್ವಿಚಾರಣಾ ಮಂಡಳಿ ಇದನ್ನು ಕೈಗೆತ್ತಿಕೊಂಡ ಮೇಲೆ ಪೋಸ್ಟ್ ವಾಪಸ್ ಬಂತು. ಅಳಿಸಿದ್ದು ತಪ್ಪು ಎಂದು 2021ರ ಜನವರಿಯಲ್ಲಿ ಮಂಡಳಿ ತೀರ್ಪು ಕೊಟ್ಟಿತು. ದೇಹದ ಅಂಗದ ಹೆಸರನ್ನು ನೇರವಾಗಿ ಹೇಳಲು ಹೆದರುವ ಕಡೆ ರೋಗದ ಬಗ್ಗೆ ತಿಳಿವಳಿಕೆ ಕೊಡುವುದಾದರೂ ಹೇಗೆ?

ಇಂಗ್ಲಿಷ್ ಅಲ್ಲದ ಭಾಷೆಗಳಲ್ಲಿ ಇದು ಇನ್ನೂ ಕೆಡುತ್ತದೆ. ‘ಶಹೀದ್’ ಪದವನ್ನು ನೋಡಿ. ಅರಬ್ಬಿಯಲ್ಲೂ ಇನ್ನೂ ಹಲವು ಭಾಷೆಗಳಲ್ಲೂ ಅದಕ್ಕೆ ಅನೇಕ ಅರ್ಥಗಳಿವೆ. ಯುದ್ಧದಲ್ಲಿ ಸತ್ತವರಿಗೂ ಹೇಳುತ್ತಾರೆ, ಅಪಘಾತದಲ್ಲಿ ಹೋದವರಿಗೂ ಹೇಳುತ್ತಾರೆ, ಮಕ್ಕಳಿಗೆ ಹೆಸರಾಗಿಯೂ ಇಡುತ್ತಾರೆ. ಮೆಟಾದ ವೇದಿಕೆಗಳಲ್ಲಿ ಬೇರೆ ಯಾವುದೇ ಒಂದು ಪದಕ್ಕಿಂತ ಹೆಚ್ಚು ಪೋಸ್ಟ್‌ಗಳು ಅಳಿಸಿಹೋಗಿದ್ದು ಈ ಪದದಿಂದ ಎಂದು ಮೇಲ್ವಿಚಾರಣಾ ಮಂಡಳಿ 2024ರ ಮಾರ್ಚ್‌ನಲ್ಲಿ ಹೇಳಿತು. ಸಾರಾಸಗಟು ನಿಷೇಧ ಕೈಬಿಡಿ ಎಂದಿತು. ಜುಲೈನಲ್ಲಿ ಮೆಟಾ ಒಪ್ಪಿತು. ಅಷ್ಟರೊಳಗೆ ಎಷ್ಟು ಮನೆಗಳ ಶೋಕದ ಪೋಸ್ಟ್‌ಗಳು ಹೋದವೋ.

2021ರ ಮೇ ತಿಂಗಳಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ತೀನ್ ನಡುವೆ ಸಂಘರ್ಷ ನಡೆದಾಗ ಅರಬ್ಬಿ ಬಳಕೆದಾರರು ಅಕ್ಷರಗಳ ಚುಕ್ಕೆ ತೆಗೆದು ಬರೆಯತೊಡಗಿದರು. ಪುರಾತನ ಅರಬ್ಬಿ ಬರಹದಲ್ಲಿ ಚುಕ್ಕೆಗಳು ಅಷ್ಟಾಗಿ ಇರಲಿಲ್ಲ. ಓದುವವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಇಲ್ಲಿ ಅವರ ಅನುಮಾನ ಸುಳ್ಳಾಗಿರಲಿಲ್ಲ. ಮೆಟಾ ತಾನೇ ಬಿಎಸ್‌ಆರ್ ಸಂಸ್ಥೆಯಿಂದ ಮಾಡಿಸಿದ ತನಿಖೆಯ ವರದಿ 2022ರ ಸೆಪ್ಟೆಂಬರ್‌ನಲ್ಲಿ ಬಂತು. ಅರಬ್ಬಿ ಪೋಸ್ಟ್‌ಗಳ ಮೇಲೆ ಅಗತ್ಯಕ್ಕಿಂತ ಜಾಸ್ತಿ ಕ್ರಮ ಆಗಿತ್ತು, ಹೊರಗುತ್ತಿಗೆಯ ಸಿಬ್ಬಂದಿಯ ತಪ್ಪಿನಿಂದ ಅಲ್-ಅಕ್ಸಾ ಮಸೀದಿಯ ಹೆಸರಿನ ಹ್ಯಾಶ್‌ಟ್ಯಾಗ್ ತಡೆಪಟ್ಟಿ ಸೇರಿತ್ತು ಎಂದು ಅದರಲ್ಲಿತ್ತು. ಅದೇ ಹೊತ್ತಿಗೆ ಹೀಬ್ರೂ ಭಾಷೆಯಲ್ಲಿ ದ್ವೇಷದ ಮಾತು ಹಿಡಿಯುವ ವ್ಯವಸ್ಥೆ ಮೆಟಾ ಬಳಿ ಇರಲೇ ಇಲ್ಲ. ಒಂದು ಭಾಷೆಗೆ ಅತಿ ಬಿಗಿ, ಇನ್ನೊಂದಕ್ಕೆ ಪೂರ್ತಿ ಸಡಿಲ. ಕಂಪನಿ ಹಣ ಹಾಕದ ಭಾಷೆಗಳಲ್ಲಿ ಯಂತ್ರ ಒಳ್ಳೆಯದನ್ನು ಅಳಿಸುವುದೂ ಕೆಟ್ಟದ್ದನ್ನು ಬಿಡುವುದೂ ಒಟ್ಟಿಗೇ ನಡೆಯಬಲ್ಲದು.

ಈ ವ್ಯವಸ್ಥೆಯಿಂದ ಕೆಟ್ಟವರಾದರೂ ಸಿಕ್ಕಿಬೀಳುತ್ತಾರಾ? ಅವರು ನಮಗಿಂತ ಚುರುಕು. ಊಟ ಬಿಟ್ಟು ದೇಹ ಸೊರಗಿಸುವುದನ್ನು ಹೊಗಳುವ ಹ್ಯಾಶ್‌ಟ್ಯಾಗ್‌ಗಳನ್ನು ಇನ್‌ಸ್ಟಾಗ್ರಾಂ 2012ರಲ್ಲಿ ತಡೆಯಿತು. ಆ ಗುಂಪುಗಳು ಕಾಗುಣಿತ ತಿರುಚಿ ಹೊಸ ಟ್ಯಾಗ್ ಮಾಡಿಕೊಂಡವು. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ತಿರುಚಿದ ಟ್ಯಾಗ್‌ಗಳಲ್ಲಿ ಜನ ಇನ್ನೂ ಹೆಚ್ಚು ತೊಡಗಿಕೊಂಡಿದ್ದರು, ಅಲ್ಲಿನ ಮಾತು ಇನ್ನೂ ಹೆಚ್ಚು ಅಪಾಯಕಾರಿಯಾಗಿತ್ತು. 2021ರಲ್ಲಿ ಲಸಿಕೆ ವಿರೋಧಿಗಳು ಫೇಸ್‌ಬುಕ್‌ನಲ್ಲಿ ತಮ್ಮ ಗುಂಪುಗಳಿಗೆ ‘ಡಾನ್ಸ್ ಪಾರ್ಟಿ’ ಎಂದು ಹೆಸರಿಟ್ಟುಕೊಂಡು ಕೂತಿದ್ದರು. ಕೆಟ್ಟ ಉದ್ದೇಶದವರಿಗೆ ಪದ ಬದಲಾಯಿಸುವುದು ಕಷ್ಟವಲ್ಲ, ಯಾಕೆಂದರೆ ಅವರಿಗೆ ಹೊರಗಿನವರಿಗೆ ಅರ್ಥವಾಗುವುದೇ ಬೇಡ. ಅರ್ಥವಾಗಬೇಕು ಎಂದು ಬಯಸುವವರು ನೋವು ತೋಡಿಕೊಳ್ಳುವವರು, ಎಚ್ಚರಿಕೆ ಕೊಡುವವರು, ಸುದ್ದಿ ಬರೆಯುವವರು. ನಷ್ಟ ಆಗುತ್ತಿರುವುದು ಅವರಿಗೆ.

ಕಾರಣ ಕೇಳುವ ಹಕ್ಕು

ಬರೆಯುವವರು ಇಂದೇ ಮಾಡಬಹುದಾದದ್ದು ಕೆಲವು ಇವೆ. ಇನ್‌ಸ್ಟಾಗ್ರಾಂನ ‘ಅಕೌಂಟ್ ಸ್ಟೇಟಸ್’ ವಿಭಾಗದಲ್ಲಿ ನಿಮ್ಮ ಪೋಸ್ಟ್‌ಗಳನ್ನು ಹೊಸಬರಿಗೆ ತೋರಿಸಲು ತಡೆ ಇದೆಯೇ ಎಂದು ನೋಡಬಹುದು. 2022ರ ಡಿಸೆಂಬರ್‌ನಿಂದ ಈ ಮಾಹಿತಿ ಅಲ್ಲಿ ಸಿಗುತ್ತಿದೆ. ತಡೆ ಇದ್ದರೆ ಮೇಲ್ಮನವಿ ಹಾಕಬಹುದು. ಅದಕ್ಕಿಂತ ಮೊದಲು, ಪದವನ್ನು ಇದ್ದ ಹಾಗೇ ಬರೆದು ನೋಡಿ. ಹೊಟ್ಟೆಪಾಡಿಗೆ ವಿಡಿಯೋ ಮಾಡುವವರಿಗೆ ಈ ಸಲಹೆ ಕೊಡಲು ನನಗೆ ಹಿಂಜರಿಕೆ ಇದೆ, ಅವರ ಬಾಡಿಗೆ ಅದರ ಮೇಲೆ ನಿಂತಿರುತ್ತದೆ. ಆದರೆ ಜಾಹೀರಾತಿನ ಹಂಗೇ ಇಲ್ಲದ ನಮ್ಮಂಥ ಕೋಟ್ಯಂತರ ಜನ ಯಾರಿಗಾಗಿ ನಕ್ಷತ್ರ ಇಡುತ್ತಿದ್ದೇವೆ?

ಉಳಿದದ್ದು ಕಾನೂನಿನ ಕೆಲಸ. ಯುರೋಪಿಯನ್ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆ 2024ರ ಫೆಬ್ರುವರಿ 17ರಿಂದ ಪೂರ್ತಿಯಾಗಿ ಜಾರಿಯಲ್ಲಿದೆ. ಅದರ 17ನೇ ವಿಧಿ ಒಂದು ಸರಳ ಮಾತು ಹೇಳುತ್ತದೆ. ಪೋಸ್ಟ್ ಅಳಿಸಿದರಷ್ಟೇ ಅಲ್ಲ, ಕಾಣದಂತೆ ಕೆಳಗೆ ತಳ್ಳಿದರೂ, ಹಣ ತಡೆದರೂ, ಬಳಕೆದಾರರಿಗೆ ಕಾರಣ ತಿಳಿಸಬೇಕು. ಯಾವ ನಿಯಮದಡಿ, ಯಂತ್ರ ನಿರ್ಧರಿಸಿತೇ ಎಂಬುದನ್ನೂ ಹೇಳಬೇಕು. 2024ರ ಜುಲೈನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ನ್ಯಾಯಾಲಯ ಇದನ್ನು ‘ಎಕ್ಸ್’ (ಹಿಂದಿನ ಟ್ವಿಟರ್) ವಿರುದ್ಧ ಎತ್ತಿಹಿಡಿಯಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯಲು ಯುರೋಪ್ ತರಲು ಹೊರಟಿದ್ದ ಕಾನೂನನ್ನು ಟೀಕಿಸಿ ಬರೆದವರೊಬ್ಬರ ಖಾತೆಯನ್ನು ‘ಎಕ್ಸ್’ ಸದ್ದಿಲ್ಲದೆ ಮರೆಗೆ ಸರಿಸಿತ್ತು. ಸರಿಯಾದ ಕಾರಣ ಕೊಡದೆ ಹಾಗೆ ಮಾಡಿದ್ದು ಕಾನೂನಿಗೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು.

ಹಾಗಾಗಿ ‘ಇಷ್ಟು ಕೋಟಿ ಪೋಸ್ಟ್‌ಗಳಿಗೆ ಕಾರಣ ಕೊಡುವುದು ಹೇಗೆ’ ಎಂಬ ಕಂಪನಿಗಳ ಮಾತು ಇನ್ನು ನಡೆಯುವುದಿಲ್ಲ. ಯುರೋಪಿನ ಬಳಕೆದಾರರಿಗೆ ಕಾರಣ ಕಳಿಸುವ ವ್ಯವಸ್ಥೆಯನ್ನು ಅವು ಕಟ್ಟಲೇಬೇಕಾಯಿತು, ಕಟ್ಟಿವೆ. ಅದೇ ಸೂಚನೆಯನ್ನು ಉಳಿದ ಜಗತ್ತಿನ ಬಳಕೆದಾರರಿಗೂ ಅವರವರ ಭಾಷೆಯಲ್ಲಿ ಕಳಿಸಲು ಅಡ್ಡಿಯಾಗಿರುವುದು ತಂತ್ರಜ್ಞಾನ ಅಲ್ಲ, ಕಳಿಸಲೇಬೇಕು ಎಂದು ಇಷ್ಟು ಬಿಗಿಯಾಗಿ ಕೇಳುವ ಕಾನೂನು ಹೆಚ್ಚಿನ ಕಡೆ ಇಲ್ಲದಿರುವುದು.